ಎಂಜಿಬಿಗೆ ಯಾವ ಕಾರ್ಬುರೇಟರ್? ಒಂದೇ ಎಂಜಿನ್ನಿನ ಮೇಲೆ ಮೂರನ್ನೂ ಓಡಿಸಿ ನೋಡಿದ ಹೋಲಿಕೆ

ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು ಎಂಜಿಬಿ ಇಟ್ಟುಕೊಂಡವರು ಇಬ್ಬರು ಸೇರಿದರೆ ಮಾತು ಬೇಗನೆ ಕಾರ್ಬುರೇಟರಿಗೆ, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗಕ್ಕೆ, ಬರುತ್ತದೆ. ಕಾರ್ಖಾನೆಯಿಂದ ಬಂದ ಎಸ್‌ಯು ಜೋಡಿಯನ್ನೇ ಉಳಿಸಿಕೊಳ್ಳಬೇಕೇ, ತೆಗೆದು ಇಟಲಿಯ ವೆಬರ್ ಹಾಕಬೇಕೇ? ನಾನಿರುವುದು ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ. ನನ್ನದು 1969ರ ತೆರೆದ ಮಾದರಿ. ಅದರ ಒಂದೇ ಎಂಜಿನ್ನಿನ ಮೇಲೆ ಮೂರು ಏರ್ಪಾಡುಗಳನ್ನು ಒಂದಾದ ಮೇಲೊಂದು ಕೂರಿಸಿ ಓಡಿಸಿದ್ದೇನೆ: ಹೊಸದಾಗಿ ದುರಸ್ತಿ ಮಾಡಿದ ಎಸ್‌ಯು ಎಚ್‌ಎಸ್4 ಜೋಡಿ, ವೆಬರ್ 45 ಡಿಸಿಒಇ ಒಂದು, ವೆಬರ್ 32/36 ಡಿಜಿವಿ ಒಂದು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ರಸ್ತೆಯ ಮೇಲೆ ಓಡಿಸುವ, ಒಳಗೆ ಹೆಚ್ಚಿನ ಬದಲಾವಣೆ ಮಾಡದ ಎಂಜಿನ್ನಿಗೆ ಎಸ್‌ಯು ಜೋಡಿಯನ್ನು ಮೀರಿಸಿದ್ದು ಇಲ್ಲ. ಆದರೆ ಅದು ಸವೆದ ಎಸ್‌ಯು ಆಗಿರಬಾರದು. ಜನರು ಬೇಸತ್ತು ಕಿತ್ತುಹಾಕುವುದು ಸಾಮಾನ್ಯವಾಗಿ ಸವೆದ ಜೋಡಿಯನ್ನು.

ಎಂಜಿನ್ನಿನ ಬಗ್ಗೆ ಸ್ವಲ್ಪ ತಿಳಿದಿದ್ದರೆ ಮುಂದಿನದು ಸ್ಪಷ್ಟವಾಗುತ್ತದೆ. ಎಂಜಿಬಿ 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ನಿನಲ್ಲಿ ತಯಾರಾಯಿತು. ಒಳಗಿರುವುದು ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಕಂಪನಿಯ ಬಿ-ಸರಣಿಯ 1798 ಸಿಸಿ ಎಂಜಿನ್, ಬೋರ್ (ಸಿಲಿಂಡರಿನ ಅಗಲ) 80.26 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 88.9 ಮಿಲಿಮೀಟರ್. ನಮ್ಮ ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಇದೇ ಕುಟುಂಬದ್ದು, ಸ್ಟ್ರೋಕ್ ಕೂಡ ಅದೇ 88.9. ಅಂಬಾಸಿಡರಿನ ಟ್ಯಾಪೆಟ್ (ವಾಲ್ವುಗಳನ್ನು ತೆರೆಯುವ ಭಾಗ) ಹೊಂದಿಸಿ ಅನುಭವವಿದ್ದವರು ಎಂಜಿಬಿಯ ಬಾನೆಟ್ ಎತ್ತಿದರೆ ಯಾವುದೂ ಅಪರಿಚಿತ ಎನಿಸುವುದಿಲ್ಲ. ಈ ಹೋಲಿಕೆಗೆ ಮುಖ್ಯವಾದ ಸಂಗತಿ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಸಿಲಿಂಡರ್ ಹೆಡ್ಡಿನದು. ನಾಲ್ಕು ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಒಳಬರುವ ದಾರಿಗಳು ನಾಲ್ಕಲ್ಲ, ಎರಡೇ. ಒಂದು ಮತ್ತು ಎರಡನೆಯ ಸಿಲಿಂಡರುಗಳಿಗೆ ಒಂದು ದಾರಿ, ಮೂರು ಮತ್ತು ನಾಲ್ಕನೆಯದಕ್ಕೆ ಇನ್ನೊಂದು. ಕಿಡಿ ಬೀಳುವ ಕ್ರಮ 1-3-4-2 ಆದ್ದರಿಂದ ಒಂದೇ ದಾರಿಯನ್ನು ಹಂಚಿಕೊಂಡ ಎರಡು ಸಿಲಿಂಡರುಗಳು ಒಂದರ ಬೆನ್ನಿಗೆ ಒಂದು ಉಸಿರು ಎಳೆಯುತ್ತವೆ, ಆಮೇಲೆ ಆ ದಾರಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಯಾವ ಕಾರ್ಬುರೇಟರ್ ತಂದರೂ ಈ ಏರುಪೇರಿನ ಉಸಿರಾಟದ ಜೊತೆಗೇ ಅದು ಬಾಳಬೇಕು.

ಕಾರ್ಬುರೇಟರಿಗೆ ಕೈ ಹಾಕುವ ಮೊದಲು ಕಿಡಿಯ ವ್ಯವಸ್ಥೆಯನ್ನು ಸರಿಪಡಿಸಬೇಕು. ಪೆಟ್ರೋಲಿನ ದೋಷ ಎಂದು ಕಾಣುವುದು ಅನೇಕ ಸಲ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ದೋಷವಾಗಿರುತ್ತದೆ. ಮೂರೂ ಪರೀಕ್ಷೆಗಳಿಗೆ ಮುಂಚೆ ನಾನು ತಣ್ಣಗಿನ ಎಂಜಿನ್ನಿನಲ್ಲಿ ಟ್ಯಾಪೆಟ್ ಅಂತರವನ್ನು 0.015 ಇಂಚಿಗೆ, ಪ್ಲಗ್ಗಿನ ಅಂತರವನ್ನು 0.025 ಇಂಚಿಗೆ ತಂದೆ. ನಾಲ್ಕೂ ಸಿಲಿಂಡರುಗಳ ಕಂಪ್ರೆಶನ್ ಅಳೆದೆ. ಇಲ್ಲೂ ಒಂದು ಹೋಲಿಕೆ ನಡೆಯಿತು. ಲ್ಯೂಕಾಸ್ 25ಡಿ4 ಡಿಸ್ಟ್ರಿಬ್ಯೂಟರಿನಲ್ಲಿ ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೊಡುವ ಹಳೆಯ ಪಾಯಿಂಟು-ಕಂಡೆನ್ಸರ್ ಒಂದು ಕಡೆ, ಅದೇ ಮುಚ್ಚಳದೊಳಗೆ ಕೂರುವ ಎಲೆಕ್ಟ್ರಾನಿಕ್ ಘಟಕ ಇನ್ನೊಂದು ಕಡೆ. ಪಾಯಿಂಟಿನ ಅಂತರ 0.015 ಇಂಚಿನ ಆಸುಪಾಸು ಇದ್ದು, ಡಿಸ್ಟ್ರಿಬ್ಯೂಟರಿನ ದಂಡ ಸವೆಯದಿದ್ದರೆ, ಓಡುವಾಗ ಎರಡರ ನಡುವೆ ವ್ಯತ್ಯಾಸವೇ ತಿಳಿಯಲಿಲ್ಲ. ಆದರೆ ಈಗ ಸಿಗುವ ಕಂಡೆನ್ಸರುಗಳನ್ನು ನಾನು ನಂಬುವುದಿಲ್ಲ. ಹೊಚ್ಚ ಹೊಸದು ಬಿಸಿಯಾದ ಕೂಡಲೇ ಕೈಕೊಟ್ಟದ್ದನ್ನು ನೋಡಿದ್ದೇನೆ. ಎಲೆಕ್ಟ್ರಾನಿಕ್ ಘಟಕವನ್ನೇ ಉಳಿಸಿಕೊಂಡೆ, ಹೊಂದಿಸಿಟ್ಟ ಪಾಯಿಂಟುಗಳ ಪೀಠವನ್ನು ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಕೊಳ್ಳುವವರು ಒಂದನ್ನು ಗಮನಿಸಬೇಕು: 1967ಕ್ಕಿಂತ ಮುಂಚಿನ, ಡೈನಮೋ ಇದ್ದ ಎಂಜಿಬಿಗಳಲ್ಲಿ ಬ್ಯಾಟರಿಯ ಧನ ತುದಿ ಒಡಲಿಗೆ ಸೇರಿರುತ್ತದೆ. ಅವುಗಳಿಗೆ ಬೇರೆಯೇ ಘಟಕ ಬೇಕು. ಉಲ್ಟಾ ಜೋಡಿಸಿದರೆ ಆ ಕ್ಷಣದಲ್ಲೇ ಸುಡುತ್ತದೆ. ಇನ್ನು, 25ಡಿ4ರ ದಂಡ ಪಕ್ಕಕ್ಕೆ ಅಲುಗಾಡುತ್ತಿದ್ದರೆ, ಒಳಗಿನ ಸಣ್ಣ ಸ್ಪ್ರಿಂಗುಗಳು ಸಡಿಲವಾಗಿದ್ದರೆ, ಘಟಕ ಬದಲಿಸಿ ಏನೂ ಪ್ರಯೋಜನವಿಲ್ಲ. ಇಡೀ ಡಿಸ್ಟ್ರಿಬ್ಯೂಟರನ್ನೇ ದುರಸ್ತಿಗೆ ಕೊಡಬೇಕು.

ಈಗ ಡಿಜಿವಿ. ಇದರಲ್ಲಿ ಗಾಳಿ ಹೋಗುವ ಎರಡು ಗಂಟಲುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಮೊದಲು 32 ಮಿಲಿಮೀಟರಿನದು ತೆರೆಯುತ್ತದೆ, ಪೆಡಲನ್ನು ಇನ್ನಷ್ಟು ಒತ್ತಿದಾಗ 36ರದ್ದು. ಅಮೆರಿಕಕ್ಕೆ ಹೋದ 1975ರ ನಂತರದ ಎಂಜಿಬಿಗಳಲ್ಲಿ ಒಂದೇ ಸ್ಟ್ರೊಂಬರ್ಗ್ ಕಾರ್ಬುರೇಟರ್ ಇತ್ತು. ಅದರ ಬದಲಿಗೆ ಹಾಕಲು ಅಲ್ಲಿನವರು ಇದನ್ನು ಮೆಚ್ಚಿಕೊಂಡರು, ಆ ಮೆಚ್ಚುಗೆಗೆ ಕಾರಣವೂ ಇದೆ. ಚಳಿಯ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುತ್ತದೆ, ಒಮ್ಮೆ ಹೊಂದಿಸಿದರೆ ತಿಂಗಳುಗಟ್ಟಲೆ ಮುಟ್ಟಬೇಕಿಲ್ಲ, ಊರೊಳಗಿನ ಓಡಾಟಕ್ಕೆ ನಯವಾಗಿದೆ. ಆದರೆ 4000 ಆರ್‌ಪಿಎಂ ದಾಟಿದ ಮೇಲೆ ಎಂಜಿನ್ನಿನ ಉತ್ಸಾಹ ಇಳಿಯುತ್ತದೆ. ಒಂದೇ ಪೆಟ್ಟಿಗೆಯಿಂದ ಎರಡು ದಾರಿಗಳಿಗೆ ಗಾಳಿ ತಿರುಗಿ ಹೋಗಬೇಕಾದದ್ದು ಇದಕ್ಕೆ ಕಾರಣ ಎಂದು ನನ್ನ ಅಂದಾಜು. ಸ್ಪೋರ್ಟ್ಸ್ ಕಾರು ಕೊಂಡವರು ಬಯಸುವ ಭಾಗವೇ ಇಲ್ಲಿ ಮಂಕಾಗುತ್ತದೆ. ಸವೆದ ಸ್ಟ್ರೊಂಬರ್ಗಿಗೆ ಇದು ಒಳ್ಳೆಯ ಬದಲಿ. ಎಸ್‌ಯು ಜೋಡಿಗೆ ಅಲ್ಲ.

ಡಿಸಿಒಇ ವಿಷಯ ಬೇರೆ. ಅದನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಎಡೊಆರ್ಡೊ ವೆಬರ್ 1923ರಲ್ಲಿ ಬೊಲೊನ್ಯಾದಲ್ಲಿ ಶುರುಮಾಡಿದ ಕಂಪನಿಯ ಈ ಅಡ್ಡ ಗಂಟಲಿನ ಕಾರ್ಬುರೇಟರ್ ಓಟದ ಕಾರುಗಳಲ್ಲಿ ಹೆಸರು ಗಳಿಸಿದ್ದು ನ್ಯಾಯವಾಗಿಯೇ. ಪೆಡಲನ್ನು ಪೂರ್ತಿ ಒತ್ತಿದಾಗ ಬಾನೆಟ್ಟಿನ ಕೆಳಗಿನಿಂದ ಬರುವ ಆ ಗಾಳಿಯ ಗರ್ಜನೆಗೆ ಸಮನಾದದ್ದನ್ನು ಎಸ್‌ಯು ಕೊಡುವುದಿಲ್ಲ. ಎ44 ರಸ್ತೆಯಲ್ಲಿ ಬ್ರಾಡ್‌ವೇ ಊರಿನಿಂದ ಫಿಶ್ ಹಿಲ್ ಏರುವಾಗ ಮೂರನೆಯ ಗೇರಿನಲ್ಲಿ ಅದು ಎಳೆಯುವ ರೀತಿ ನನಗೆ ತುಂಬ ಇಷ್ಟವಾಯಿತು.

ಆದರೂ ಲೆಕ್ಕ ಹಾಕಿ ನೋಡಿ. ಆಲ್ಫಾ ರೋಮಿಯೋದ ಅಥವಾ ಲೋಟಸ್ ಟ್ವಿನ್ ಕ್ಯಾಮಿನ ಎಂಜಿನ್ನಿನಲ್ಲಿ ಎರಡು ಡಿಸಿಒಇ ಇರುತ್ತವೆ, ಎಂದರೆ ಪ್ರತಿ ಸಿಲಿಂಡರಿಗೂ ಅದರದೇ ಗಂಟಲು. ಡಿಸಿಒಇಯ ನಿಜವಾದ ಶಕ್ತಿ ಇರುವುದು ಅಲ್ಲಿ. ಎಂಜಿಬಿಯ ಹೆಡ್ಡಿನಲ್ಲಿ ದಾರಿಗಳೇ ಎರಡು, ಆದ್ದರಿಂದ ಒಂದು ಡಿಸಿಒಇಯ ಎರಡು ಗಂಟಲುಗಳು ಎರಡು ದಾರಿಗಳಿಗೆ. ಎಸ್‌ಯು ಜೋಡಿ ಮಾಡುವುದೂ ಇದನ್ನೇ. 45 ಎಂಬ ಸಂಖ್ಯೆ ದೊಡ್ಡದಾಗಿ ಕೇಳಿಸಿದರೂ ಒಳಗೆ ಕೂರಿಸಿ ದಾರಿಯನ್ನು ಕಿರಿದುಮಾಡುವ ಚೋಕ್ ಕೊಳವೆ ಸಾಮಾನ್ಯವಾಗಿ 34 ಅಥವಾ 36 ಮಿಲಿಮೀಟರಿನದು. ಎಚ್‌ಎಸ್4ರ ಗಂಟಲು ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್. ಕಾರ್ಖಾನೆಯ ಕ್ಯಾಮ್‌ಶಾಫ್ಟ್ (ವಾಲ್ವುಗಳ ಚಲನೆಯನ್ನು ನಿಯಂತ್ರಿಸುವ ದಂಡ) ಇರುವ ಎಂಜಿನ್ನಿಗೆ ಇದರಿಂದ ಸಿಗುವ ಹೆಚ್ಚಿನ ಗಾಳಿ ಎಷ್ಟು? ತಪ್ಪು ವೆಬರಿನದಲ್ಲ, ಈ ಹೆಡ್ಡು ಅದಕ್ಕೆ ಹೇಳಿ ಮಾಡಿಸಿದ್ದಲ್ಲ ಅಷ್ಟೆ.

ಹೊಂದಿಸುವ ಕೆಲಸವೂ ಸುಲಭವಲ್ಲ. ಚೋಕ್ ಕೊಳವೆ, ಮುಖ್ಯ ಜೆಟ್ (ಪೆಟ್ರೋಲ್ ಹೊರಬರುವ ಸಣ್ಣ ರಂಧ್ರ), ಗಾಳಿಯ ಜೆಟ್, ಎಮಲ್ಶನ್ ಕೊಳವೆ, ಐಡಲ್ ಜೆಟ್ (ಎಂಜಿನ್ ನಿಧಾನವಾಗಿ ಓಡುವಾಗಿನದು), ಪಂಪ್ ಜೆಟ್: ಒಂದೊಂದೂ ಬೇರೆ ಬೇರೆ ಸಂಖ್ಯೆಗಳಲ್ಲಿ ಸಿಗುತ್ತದೆ, ಒಂದನ್ನು ಬದಲಿಸಿದರೆ ಇನ್ನೊಂದರ ಲೆಕ್ಕ ತಪ್ಪುತ್ತದೆ. ಐಡಲ್ ಜೆಟ್ಟಿನಿಂದ ಮುಖ್ಯ ಜೆಟ್ಟಿಗೆ ದಾಟುವ ಹಂತದಲ್ಲಿ, ಸುಮಾರು 2500 ಆರ್‌ಪಿಎಂ ಬಳಿ, ನನ್ನ ಕಾರು ಒಂದು ಕ್ಷಣ ತಡವರಿಸುತ್ತಿತ್ತು. ಹಳ್ಳಿಯ ರಸ್ತೆಗಳಲ್ಲಿ ಹೆಚ್ಚು ಹೊತ್ತು ಓಡುವುದು ಅದೇ ವೇಗದಲ್ಲಿ. ರೋಲಿಂಗ್ ರೋಡ್ (ಕಾರನ್ನು ಉರುಳೆಗಳ ಮೇಲೆ ಓಡಿಸಿ ಅಳೆಯುವ ಯಂತ್ರ) ಇರುವ, ವೆಬರ್ ಬಲ್ಲ ಮೆಕ್ಯಾನಿಕ್ ಹತ್ತಿರ ಕೊಟ್ಟ ಮೇಲೆ ಅದು ಬಹಳ ಮಟ್ಟಿಗೆ ಹೋಯಿತು. ಮೈಲೇಜ್ ಮಾತ್ರ ಕಣ್ಣಿಗೆ ಕಾಣುವಷ್ಟು ಇಳಿದದ್ದು ಹಾಗೆಯೇ ಉಳಿಯಿತು. ಡಿಸ್ಟ್ರಿಬ್ಯೂಟರಿನ ನಿರ್ವಾತ ನಳಿಕೆಗೆ ಡಿಸಿಒಇಯಲ್ಲಿ ಸಿದ್ಧ ಜಾಗವಿಲ್ಲದಿರುವುದೂ ಇದಕ್ಕೆ ಒಂದು ಕಾರಣ. ನಿಧಾನವಾಗಿ ಸಾಗುವಾಗ ಕಿಡಿಯನ್ನು ಮುಂಚಿತಗೊಳಿಸುವ ಆ ನೆರವು ತಪ್ಪಿದರೆ ಪೆಟ್ರೋಲ್ ವ್ಯರ್ಥವಾಗುತ್ತದೆ. ಬೇರೆ ಕ್ಯಾಮ್, ದೊಡ್ಡ ವಾಲ್ವುಗಳು, ಕೆತ್ತಿ ಅಗಲಿಸಿದ ಹೆಡ್ಡು ಇರುವ ಎಂಜಿನ್ನಾದರೆ ನಾನೂ ಡಿಸಿಒಇಯನ್ನೇ ಆರಿಸುತ್ತಿದ್ದೆ.

ಎಸ್‌ಯು ಎಂದರೆ ಸ್ಕಿನ್ನರ್ಸ್ ಯೂನಿಯನ್. ಪಾದರಕ್ಷೆಯ ವ್ಯಾಪಾರದ ಕುಟುಂಬದಿಂದ ಬಂದ ಸ್ಕಿನ್ನರ್ ಸೋದರರು 20ನೇ ಶತಮಾನದ ಆರಂಭದಲ್ಲಿ ರೂಪಿಸಿದ್ದು. ಮೊದಲ ಮಾದರಿಗಳಲ್ಲಿ ಪಿಸ್ಟನ್ನಿನ ಜಾಗದಲ್ಲಿ ಚರ್ಮದ ತಿದಿ ಇತ್ತಂತೆ. ಇದರ ಉಪಾಯ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಎಂಜಿನ್ ಹೆಚ್ಚು ಗಾಳಿ ಎಳೆದರೆ ಪಿಸ್ಟನ್ ತಾನೇ ಮೇಲೇಳುತ್ತದೆ, ಗಂಟಲು ಅಗಲವಾಗುತ್ತದೆ. ಪಿಸ್ಟನ್ನಿಗೆ ಅಂಟಿದ ಚೂಪಾದ ಸೂಜಿ ಜೆಟ್ಟಿನಿಂದ ಅಷ್ಟೇ ಮೇಲೆದ್ದು, ಬೇಕಾದಷ್ಟೇ ಪೆಟ್ರೋಲ್ ಬಿಡುತ್ತದೆ. ಡಿಸಿಒಇಯಲ್ಲಿ ಆರು ಬಿಡಿಭಾಗಗಳು ಹಂಚಿಕೊಂಡು ಮಾಡುವ ಕೆಲಸವನ್ನು ಇಲ್ಲಿ ಒಂದು ಸೂಜಿ, ಒಂದು ಜೆಟ್ ಮಾಡಿ ಮುಗಿಸುತ್ತವೆ. ಐಡಲಿನಿಂದ ಮುಖ್ಯ ಜೆಟ್ಟಿಗೆ ದಾಟುವುದೆಂಬುದೇ ಇಲ್ಲ, ಹಾಗಾಗಿ ತಡವರಿಕೆಯೂ ಇಲ್ಲ.

ಹಾಗಾದರೆ ಎಸ್‌ಯುಗೆ ಕೆಟ್ಟ ಹೆಸರು ಬಂದದ್ದು ಹೇಗೆ? ಪೆಡಲ್ ಒತ್ತಿದಾಗ ತೆರೆಯುವ ಥ್ರಾಟಲ್ ತಟ್ಟೆಯ ದಂಡದಿಂದ. ದಶಕಗಳ ಕಾಲ ತಿರುಗಿದ ದಂಡ ಅಲ್ಯೂಮಿನಿಯಂ ಒಡಲಿನಲ್ಲಿ ತನ್ನ ರಂಧ್ರವನ್ನು ಸವೆಸುತ್ತದೆ. ಅಲ್ಲಿಂದ ಗಾಳಿ ಕದ್ದು ಒಳಸೇರುತ್ತದೆ, ಐಡ್ಲಿಂಗ್ ಒಮ್ಮೆ 600, ಒಮ್ಮೆ 1200. ಎಷ್ಟು ಹೊಂದಿಸಿದರೂ ಮರುದಿನ ಮತ್ತೆ ಅದೇ ಗೋಳು. ಪರೀಕ್ಷೆ ಸುಲಭ: ಎಂಜಿನ್ ಐಡ್ಲಿಂಗಿನಲ್ಲಿರುವಾಗ ದಂಡದ ತುದಿಗಳಿಗೆ ಕಾರ್ಬುರೇಟರ್ ಕ್ಲೀನರನ್ನು ಸ್ವಲ್ಪವೇ ಸಿಂಪಡಿಸಿ. ಬಿಸಿ ಎಕ್ಸಾಸ್ಟ್ ಅಲ್ಲೇ ಕೆಳಗಿರುತ್ತದೆ, ಎಚ್ಚರ. ಎಂಜಿನ್ನಿನ ಸದ್ದು ಬದಲಾದರೆ ದಂಡ ಸವೆದಿದೆ. ದುರಸ್ತಿಗೆ ಒಡಲನ್ನು ಕೊರೆದು ಹೊಸ ಬುಷ್, ಹೊಸ ದಂಡ ಕೂರಿಸಬೇಕು. ಈ ಒಂದು ಕೆಲಸ ಮನೆಯಲ್ಲಿ ಆಗುವಂಥದ್ದಲ್ಲ. ಎರಡು ರಂಧ್ರಗಳೂ ಒಂದೇ ನೇರದಲ್ಲಿರಬೇಕಾದ್ದರಿಂದ ಯಂತ್ರದ ಕೆಲಸ ಬಲ್ಲವರಿಗೆ ಕೊಡುವುದೇ ಸರಿ. ಥ್ರಾಟಲ್ ತಟ್ಟೆಯಲ್ಲಿ ಸಣ್ಣ ಸ್ಪ್ರಿಂಗ್ ಕವಾಟ ಇದ್ದರೆ, ಅದೂ ಹಳೆಯದಾಗಿ ಸೋರುತ್ತದೆ. ಕವಾಟವಿಲ್ಲದ ತಟ್ಟೆ ಹಾಕಿಸಿ. ಹೊಸ ಜೆಟ್, ಹೊಸ ಸೂಜಿ, ಹೊಸ ಫ್ಲೋಟ್ ಕವಾಟ ಎಲ್ಲ ಸೇರಿದರೂ ಖರ್ಚು ಡಿಸಿಒಇಯ ಕಿಟ್ಟಿಗಿಂತ ಬಹಳ ಕಡಿಮೆ ಬಂತು.

ಇಷ್ಟಾದ ಮೇಲೆ ಹೊಂದಿಸುವುದು ಸಂತೋಷದ ಕೆಲಸ. ಎರಡೂ ಜೆಟ್ಟುಗಳನ್ನು ಮೇಲಿನ ಅಂಚಿಗೆ ತಂದು, ಅಲ್ಲಿಂದ ಜೆಟ್ ನಟ್ಟನ್ನು ಹನ್ನೆರಡು ಮುಖಗಳಷ್ಟು, ಅಂದರೆ ಎರಡು ಸುತ್ತು ಇಳಿಸಿ. ಎಂಜಿನ್ ಪೂರ್ತಿ ಬಿಸಿಯಾಗಲಿ. ಎರಡನ್ನು ಜೋಡಿಸುವ ಕೊಂಡಿಯನ್ನು ಸಡಿಲಿಸಿ, ಒಂದು ರಬ್ಬರ್ ನಳಿಕೆಯ ತುದಿಯನ್ನು ಕಿವಿಗಿಟ್ಟು ಎರಡು ಬಾಯಿಗಳ ಗಾಳಿಯ ಸದ್ದನ್ನೂ ಕೇಳಿ. ತಂಬೂರಿಯ ತಂತಿಗಳನ್ನು ಒಂದೇ ಶ್ರುತಿಗೆ ತರುವಂತೆ ಎರಡೂ ಸದ್ದು ಒಂದಾಗುವವರೆಗೆ ಸ್ಕ್ರೂಗಳನ್ನು ತಿರುಗಿಸಬೇಕು. ಆಮೇಲೆ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ ನೋಡಿ: ಎಂಜಿನ್ ವೇಗ ಏರಿ ಹಾಗೇ ಉಳಿದರೆ ಪೆಟ್ರೋಲ್ ಹೆಚ್ಚು, ಕುಸಿದರೆ ಕಡಿಮೆ, ಒಂದಿಷ್ಟು ಏರಿ ಮತ್ತೆ ಮೊದಲಿನಂತಾದರೆ ಸರಿ. ನಟ್ಟನ್ನು ಒಂದೊಂದೇ ಮುಖ ತಿರುಗಿಸಿ. ಕಾರ್ಬುರೇಟರಿನ ತಲೆಯ ಮೇಲಿನ ಕೊಳವೆಯಲ್ಲಿ 20 ದರ್ಜೆಯ ಎಣ್ಣೆ, ಪಿಸ್ಟನ್ನಿನ ಟೊಳ್ಳು ದಂಡದ ಮೇಲೆ ಸುಮಾರು 12 ಮಿಲಿಮೀಟರ್ ಇರಲಿ. ತೀರಾ ತೆಳು ಎಣ್ಣೆ ಹಾಕಿ ನೋಡಿದಾಗ ಪೆಡಲ್ ಒತ್ತಿದ ಕೂಡಲೇ ಎಂಜಿನ್ ಒಮ್ಮೆ ಬಿಕ್ಕಳಿಸುತ್ತಿತ್ತು. ಪಿಸ್ಟನ್ನನ್ನು ತಡೆದು ಆ ಕ್ಷಣಕ್ಕೆ ಬೇಕಾದ ಹೆಚ್ಚಿನ ಪೆಟ್ರೋಲ್ ಕೊಡಿಸುವುದು ಆ ಎಣ್ಣೆಯೇ. ಗ್ಲಾಸಪ್ಪಿನಿಂದ ಶೆಫೀಲ್ಡ್ ಕಡೆಗೆ ಸ್ನೇಕ್ ಪಾಸ್ ದಾಟುವಾಗ, ತಿರುವಿನಿಂದ ಹೊರಬರುತ್ತ ಪೆಡಲ್ ಒತ್ತಿದರೆ, ಎಸ್‌ಯು ಜೋಡಿ ಕೊಡುವ ಆ ಮುರಿಯದ ಎಳೆತ ಉಳಿದೆರಡರಲ್ಲಿ ಸಿಗಲಿಲ್ಲ. ಡಿಸಿಒಇ ಅದಕ್ಕಿಂತ ಜೋರು ಎನಿಸಿದ್ದು 4500 ಆರ್‌ಪಿಎಂ ಮೇಲೆ ಮಾತ್ರ.

ಪೆಟ್ರೋಲಿನ ಮಾತು ಮೂರಕ್ಕೂ ಸಮಾನ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇಕಡಾ ಹತ್ತರವರೆಗೆ ಎಥೆನಾಲ್ ಬೆರೆತದ್ದು, ಆಗಿದೆ. ಎಥೆನಾಲ್ ಹಳೆಯ ರಬ್ಬರ್ ನಳಿಕೆಗಳನ್ನು ತಿನ್ನುತ್ತದೆ, ತೇವವನ್ನು ಹೀರುತ್ತದೆ, ಬೇಗ ಆವಿಯಾಗುತ್ತದೆ. ಬಿ-ಸರಣಿಯಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಒಂದೇ ಬದಿಯಲ್ಲಿರುವುದರಿಂದ, ಬೇಸಿಗೆಯಲ್ಲಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡುವಾಗ ಕಷ್ಟ ಕೊಡುತ್ತದೆ. ನಾನು ಇ5 ಇರುವ ಸೂಪರ್ ದರ್ಜೆಯನ್ನೇ ಹಾಕಿಸುತ್ತೇನೆ, ಎಥೆನಾಲ್ ತಡೆಯುವ ಆರ್9 ಗುರುತಿನ ನಳಿಕೆಗಳನ್ನು ಹಾಕಿದ್ದೇನೆ, ಎಸ್‌ಯುಗಳ ಹಿಂದಿನ ಶಾಖದ ತಗಡನ್ನು ಎಂದೂ ತೆಗೆದಿಲ್ಲ. ಡಿಸಿಒಇ ಹಾಕುವಾಗ ಆ ತಗಡು ಹೋಗುತ್ತದೆ, ಬೇರೆ ಏನಾದರೂ ತಡೆ ಕಟ್ಟಿಕೊಳ್ಳಬೇಕು. ಸೀಸವಿಲ್ಲದ ಪೆಟ್ರೋಲಿಗೆ ಗಟ್ಟಿ ವಾಲ್ವ್ ಸೀಟುಗಳು ಹೆಡ್ಡಿನಲ್ಲಿವೆಯೇ ಎಂಬುದನ್ನು ಕಾರು ಕೊಳ್ಳುವಾಗಲೇ ಕೇಳಿ. ಇಲ್ಲದಿದ್ದರೆ ಟ್ಯಾಪೆಟ್ ಅಂತರ ಮತ್ತೆ ಮತ್ತೆ ಕಿರಿದಾಗುತ್ತದೆಯೇ ನೋಡುತ್ತಿರಬೇಕು.

ವೆಬರ್ ಹಾಕಿದ ಎಂಜಿಬಿಯನ್ನು ಕೊಳ್ಳುತ್ತಿದ್ದರೆ ಮಾರುವವರ ಬಳಿ ಹಳೆಯ ಎಸ್‌ಯು ಜೋಡಿ ಇದೆಯೇ ವಿಚಾರಿಸಿ. ಮ್ಯಾನಿಫೋಲ್ಡ್ (ಕಾರ್ಬುರೇಟರನ್ನು ಹೆಡ್ಡಿಗೆ ಸೇರಿಸುವ ಕೊಳವೆ), ಶಾಖದ ತಗಡು, ಚೋಕ್ ಮತ್ತು ಥ್ರಾಟಲಿನ ಕೊಂಡಿಗಳು ಇವುಗಳನ್ನೂ ಬಿಡದೆ ಕೇಳಿ ಪಡೆಯಿರಿ. ಕಾರ್ಬುರೇಟರುಗಳನ್ನು ದುರಸ್ತಿ ಮಾಡಿಸಬಹುದು, ಆದರೆ ಈ ಸಣ್ಣ ಕೊಂಡಿಗಳನ್ನು ಬಿಡಿಬಿಡಿಯಾಗಿ ಹುಡುಕಿ ಕೂಡಿಸುವುದಕ್ಕೇ ನನಗೆ ಹೆಚ್ಚು ಕಾಲ ಹಿಡಿಯಿತು.