ವಾಲ್ವ್ ಬೇಸ್ ಆಂಪ್ ಜತೆ ಏಳು ವರ್ಷ: ನಾಲ್ಕು ಸಲ ಒಡೆದ ಧ್ವನಿ, ನಾಲ್ಕು ಬೇರೆ ಬೇರೆ ಕಾರಣ

ಇಪ್ಪತ್ತೆರಡು ಕೆ.ಜಿ. ತೂಗುವ ಕಬ್ಬಿಣದ ಪೆಟ್ಟಿಗೆಯೊಂದನ್ನು ಏಳು ವರ್ಷದಿಂದ ಹೊತ್ತು ತಿರುಗುತ್ತಿದ್ದೇನೆ. 2018ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಬೇಸ್ ಗಿಟಾರ್ ಆಂಪ್ಲಿಫೈಯರ್ ಅದು. 100 ವ್ಯಾಟ್, ಪೂರ್ತಿ ವಾಲ್ವ್ ಸೆಟ್ಟು, ಅಂದರೆ ಟ್ರಾನ್ಸಿಸ್ಟರ್ ಬದಲು ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ಕೊಳವೆಗಳಿಂದ ಧ್ವನಿ ಹೆಚ್ಚಿಸುವಂಥದ್ದು. ಔಟ್‌ಪುಟ್‌ಗೆ 6ಎಲ್6 ಎಂಬ ನಾಲ್ಕು ದೊಡ್ಡ ಪವರ್ ವಾಲ್ವ್, ಅದಕ್ಕೂ ಮುಂಚೆ ಚಿಕ್ಕವು: ಎರಡು 12ಎಎಕ್ಸ್7 ಮತ್ತು ಒಂದು 12ಎಟಿ7. ತಯಾರಕರ ಹೆಸರು ಬರೆಯುವುದಿಲ್ಲ. ನಾನು ಪಟ್ಟ ಪಾಡಿಗೆ ಅವರು ಹೊಣೆಯಲ್ಲ, ವಯಸ್ಸಾದ ಯಾವ ವಾಲ್ವ್ ಆಂಪ್ ಆದರೂ ಇದೇ ಕಥೆ ಹೇಳುತ್ತದೆ.

ದಾವಣಗೆರೆಯ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್‌ನವನಿಗೆ ಸಾಮಾನ್ಯವಾಗಿ ಸ್ವಂತ ಆಂಪ್ ಇರುವುದಿಲ್ಲ. ನೇರವಾಗಿ ಮಿಕ್ಸರ್‌ಗೆ ಚುಚ್ಚಿ, ತನ್ನ ಧ್ವನಿ ತನಗೇ ಕೇಳಿಸದೆ ನಿಲ್ಲುವುದು ನಮ್ಮ ಹಣೆಬರಹ. ಈ ಪೆಟ್ಟಿಗೆ ಬಂದ ಮೊದಲ ರಾತ್ರಿಯೇ ಅದು ತಪ್ಪಿತು. ಮೃದುವಾಗಿ ಮೀಟಿದರೆ ಧ್ವನಿ ದುಂಡಗೆ ಬರುತ್ತದೆ, ಜೋರಾಗಿ ಎಳೆದರೆ ಸ್ವಲ್ಪ ಗದರಿದಂತೆ. ಆ ಗದರುವಿಕೆ ವಾಲ್ವ್‌ನ ಗುಣ, ಅದಕ್ಕಾಗಿಯೇ ದುಡ್ಡು ಕೊಟ್ಟಿದ್ದು. ಆದರೆ ಒಳ್ಳೆಯ ಗದರುವಿಕೆಗೂ ರೋಗದ ಗೊರಗೊರಕ್ಕೂ ನಡುವಿನ ಗೆರೆಯನ್ನು ಗುರುತಿಸಲು ನನಗೆ ಸುಮಾರು ದಿನ ಹಿಡಿಯಿತು.

ಮೊದಲ ಸಲ ಧ್ವನಿ ಒಡೆದದ್ದು ಕೊಂಡ ಮೂರನೇ ತಿಂಗಳಲ್ಲಿ. ವಾಲ್ವ್ ಹೋಯಿತೆಂದು ಎದೆ ಒಡೆದುಕೊಂಡೆ. ಗಿಟಾರ್ ಬದಲಾಯಿಸಿ ನೋಡಿದರೆ ಆಂಪ್ ಗಟ್ಟಿಮುಟ್ಟಾಗಿತ್ತು. ನನ್ನ ಗಿಟಾರ್‌ನ ಹೊಟ್ಟೆಯೊಳಗಿನ 9 ವೋಲ್ಟ್ ಬ್ಯಾಟರಿ ಸತ್ತಿತ್ತು, ಅಷ್ಟೇ. ಕೇಬಲ್ ಚುಚ್ಚಿಯೇ ಬಿಟ್ಟರೆ ಅದು ರಾತ್ರಿಯಿಡೀ ಖರ್ಚಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಎರಡನೆಯದೂ ಪುಟ್ಟ ಕಾರಣವೇ. ಹಿಂಬದಿಯ ಎಫೆಕ್ಟ್ಸ್ ಲೂಪ್, ಅಂದರೆ ಧ್ವನಿಯನ್ನು ‘ಸೆಂಡ್’ ತೂತಿನಿಂದ ಹೊರಗಿನ ಉಪಕರಣಕ್ಕೆ ಕಳಿಸಿ ‘ರಿಟರ್ನ್’ ತೂತಿನಿಂದ ವಾಪಸ್ ತರುವ ದಾರಿ, ಅದರ ಜಾಕ್ ಕಿಲುಬು ಹಿಡಿದು ಧ್ವನಿ ಬಿಟ್ಟು ಬಿಟ್ಟು ಬರುತ್ತಿತ್ತು. ಸೆಂಡ್‌ನಿಂದ ರಿಟರ್ನ್‌ಗೆ ಒಂದು ಗೇಣುದ್ದದ ಕೇಬಲ್ ಹಾಕಿದ ಕೂಡಲೇ ಸರಿಹೋಯಿತು. ಕ್ಲೀನರ್ ಸಿಂಪಡಿಸಿ ಹತ್ತು ಸಲ ಜಾಕ್ ಹಾಕಿ ತೆಗೆದೆ, ಮತ್ತೆ ಆ ತಕರಾರು ಬರಲಿಲ್ಲ.

ಮೂರನೆಯದು ಜಗಳೂರು ಕಡೆಯ ಒಂದು ಜಾತ್ರೆಯಲ್ಲಿ. ಸಂಜೆ ಪರೀಕ್ಷೆ ಮಾಡಿದಾಗ ಚೆನ್ನಾಗಿದ್ದ ಧ್ವನಿ, ಕಾರ್ಯಕ್ರಮ ಶುರುವಾದ ಮೇಲೆ ನೆನೆದ ಡೊಳ್ಳಿನಂತಾಯಿತು. ಅದೂ ಕೆಳಗಿನ ತಂತಿಯಲ್ಲೇ ಮೊದಲು. ಬೇಸ್‌ನ ಕೆಳಗಿನ ಇ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ, ಅಷ್ಟು ತಗ್ಗಿನ ಸ್ವರ ಗಟ್ಟಿಯಾಗಿ ಕೇಳಿಸಬೇಕೆಂದರೆ ಆಂಪ್‌ನ ಪೂರ್ತಿ ಉಸಿರು ಬೇಕು. ಪ್ಲಗ್ ಪಾಯಿಂಟ್‌ಗೆ ಮೀಟರ್ ಹಿಡಿದರೆ 182 ವೋಲ್ಟ್ ತೋರಿಸಿತು, ಇರಬೇಕಾದದ್ದು 230. ವಾಲ್ವ್‌ಗಳನ್ನು ಒಳಗಿನಿಂದ ಕಾಯಿಸುವ ಫಿಲಮೆಂಟ್ ತಂತಿಗೆ 6.3 ವೋಲ್ಟ್ ಸಿಗಬೇಕಾದ ಕಡೆ ಐದೇ ಸಿಗುತ್ತಿತ್ತು. ಔಟ್‌ಪುಟ್ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಸಿಯುವುದರಿಂದ ನನ್ನ 100 ವ್ಯಾಟ್ ಅಂದು ಅರವತ್ತರ ಆಸುಪಾಸು ಇದ್ದಿರಬೇಕು. ಅರವತ್ತನ್ನು ನೂರರಂತೆ ಬಾರಿಸಿದರೆ ಒಡೆಯದೆ ಇನ್ನೇನು? ಅಂದಿನಿಂದ ಹಳ್ಳಿ ಕಾರ್ಯಕ್ರಮಕ್ಕೆ ಹೊರಟಾಗ ಸ್ಟೆಬಿಲೈಜರ್ ಕೂಡ ಗಾಡಿ ಹತ್ತುತ್ತದೆ. ಇನ್ನೊಂದು ಒಂಬತ್ತು ಕೆ.ಜಿ.

ನಾಲ್ಕನೆಯದನ್ನು ಹೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

2022ರ ಏಪ್ರಿಲ್, ಮದುವೆಗಳ ಕಾಲ. ಮೊದಲ ಅರ್ಧ ಗಂಟೆ ಎಲ್ಲ ಸರಿಯಿರುತ್ತಿತ್ತು. ಆಮೇಲೆ ಧ್ವನಿ ಮಂಕಾಗಿ, ಒರಟಾಗಿ, ಕೊನೆಗೆ ಪಾತ್ರೆ ತಿಕ್ಕಿದಂತೆ ಆಗುತ್ತಿತ್ತು. ಆರಿಸಿ ತಣಿಸಿದರೆ ಮತ್ತೆ ಅರ್ಧ ಗಂಟೆ. ಕತ್ತಲಲ್ಲಿ ಹಿಂದಿನಿಂದ ಬಗ್ಗಿ ನೋಡಿದೆ. ಗಾಜಿನೊಳಗೆ ನೀಲಿ ಹೊಳಪಿತ್ತು. ಅದಕ್ಕೆ ಹೆದರಬೇಕಾಗಿಲ್ಲ, ಆರೋಗ್ಯವಾಗಿರುವ ಪವರ್ ವಾಲ್ವ್‌ಗಳಲ್ಲೂ ಅದು ಕಾಣುತ್ತದೆ. ಆದರೆ ಬಲಗಡೆಯ ಎರಡು ವಾಲ್ವ್‌ಗಳ ಒಳಗಿನ ಬೂದು ಬಣ್ಣದ ತಗಡು, ಅಂದರೆ ಪ್ಲೇಟ್, ಕುಲುಮೆಯಲ್ಲಿಟ್ಟ ಕುಡುಗೋಲಿನಂತೆ ಕೆಂಪಗೆ ಕಾದಿತ್ತು. ಎಡಗಡೆಯ ಎರಡು ಎಂದಿನಂತಿದ್ದವು.

ಆಂಪ್ ಅನ್ನು ದೊಡ್ಡ ಊರಿನ ಒಂದು ಅಂಗಡಿಗೆ ಒಯ್ದೆ. ಮುಚ್ಚಳ ತೆಗೆಯದೆಯೇ ರೋಗ ಹೇಳಿದರು: ‘ನಾಲ್ಕೂ ವಾಲ್ವ್ ಬದಲಾಯಿಸಬೇಕು.’ ಒಂದಕ್ಕೊಂದು ಹೊಂದುವಂತೆ ಆರಿಸಿದ ಸೆಟ್‌ಗೆ 11,000 ರೂಪಾಯಿ. ಈ ವಾಲ್ವ್‌ಗಳು ಈಗ ರಷ್ಯಾ, ಸ್ಲೊವಾಕಿಯಾ, ಚೀನಾದಿಂದ ಬರಬೇಕು, ಹಾಗಾಗಿ ಬೆಲೆಯ ಬಗ್ಗೆ ನನ್ನ ಜಗಳವಿಲ್ಲ. ಜಗಳವಿರುವುದು, ಹೊಸ ಸೆಟ್ ಹಾಕಿಕೊಂಡು ಊರಿಗೆ ಬಂದ ಮೂರನೇ ದಿನ ಅದೇ ಬಲಗಡೆಯ ಎರಡು ಗೂಡಿನಲ್ಲಿ ಹೊಸ ವಾಲ್ವ್‌ಗಳೂ ಕೆಂಪಾದದ್ದರ ಬಗ್ಗೆ. ಫೋನ್ ಮಾಡಿದರೆ ‘ನಿಮ್ಮ ಊರಿನ ಕರೆಂಟ್ ಸರಿಯಿಲ್ಲ’ ಎಂದರು. ಕರೆಂಟ್ ಎಂದರೆ ಬಲಗಡೆಗೊಂದು, ಎಡಗಡೆಗೊಂದು ಬರುತ್ತದೆಯೇ?

ಕೊನೆಗೆ ಕೀಬೋರ್ಡ್ ನುಡಿಸುವ ಗೆಳೆಯ ಮಂಡಿಪೇಟೆಯ ಹತ್ತಿರದ ಒಬ್ಬ ಹಿರಿಯರ ಬಳಿ ಕರೆದೊಯ್ದ. ವಾಲ್ವ್ ರೇಡಿಯೋ ಕಾಲದವರು, ಈಗ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾರೆ. ಅವರ ಕಪಾಟಿನಲ್ಲಿ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ತಯಾರಿಸುತ್ತಿದ್ದ ವಾಲ್ವ್‌ಗಳ ಖಾಲಿ ಡಬ್ಬಿಗಳು ಇನ್ನೂ ಇವೆ, ಅವುಗಳಲ್ಲಿ ಸ್ಕ್ರೂ ತುಂಬಿಟ್ಟಿದ್ದಾರೆ. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ.

“ಬಲಗಡೆಯ ವಾಲ್ವ್ ಎಡಗಡೆಗೆ ಹಾಕಿ ನೋಡಿದೆಯಾ ತಮ್ಮಾ?”

“ಇಲ್ಲ ಯಜಮಾನರೇ.”

“ತಪ್ಪು ವಾಲ್ವ್‌ನದಾದರೆ ಅದು ಹೋದ ಕಡೆ ತಪ್ಪೂ ಹೋಗಬೇಕು. ಗೂಡಲ್ಲೇ ಉಳಿದರೆ ಗೂಡಿನ ಹಿಂದೆ ನೋಡಬೇಕು.”

ಅದಲುಬದಲು ಮಾಡಿದೆವು. ಕೆಂಪು ಬಲಗಡೆಯಲ್ಲೇ ಉಳಿಯಿತು. ಆಮೇಲೆ ಅವರು ಆರಿಸಿ, ಪ್ಲಗ್ ಕಿತ್ತು, ತಂತಿ ಬೆಸೆದ ಒಂದು ದಪ್ಪ ರೆಸಿಸ್ಟರ್‌ನಿಂದ ಒಳಗಿನ ದೊಡ್ಡ ಕೆಪಾಸಿಟರ್‌ಗಳ ಚಾರ್ಜ್ ಇಳಿಸಿದರು. ಪ್ಲಗ್ ಕಿತ್ತ ಮೇಲೂ ಅಲ್ಲಿ 450 ವೋಲ್ಟ್‌ಗೂ ಹೆಚ್ಚು ಕುಳಿತಿರಬಹುದು, ಹಾಗಾಗಿ ಇದನ್ನು ಓದಿ ಯಾರೂ ಸ್ಕ್ರೂಡ್ರೈವರ್ ಎತ್ತಿಕೊಳ್ಳಬಾರದು. ನಾಲ್ಕೂ ವಾಲ್ವ್ ಕಿತ್ತಿಟ್ಟು ಮತ್ತೆ ಕರೆಂಟ್ ಕೊಟ್ಟರು. ಶಾಕ್ ಹೊಡೆದರೂ ಕರೆಂಟ್ ಎರಡು ಕೈಗಳ ನಡುವೆ ಎದೆ ಹಾದು ಹೋಗದಿರಲೆಂದು ಎಡಗೈ ಬೆನ್ನ ಹಿಂದೆ, ಬಲಗೈಯಲ್ಲಿ ಮೀಟರ್‌ನ ಕಡ್ಡಿ. ಅಷ್ಟು ಹೊತ್ತೂ ಆ ಎಡಗೈ ಮುಂದೆ ಬರಲಿಲ್ಲ.

ಎಡಗಡೆಯ ಗೂಡುಗಳ ಗ್ರಿಡ್‌ನಲ್ಲಿ, ಅಂದರೆ ವಾಲ್ವ್‌ನ ಕರೆಂಟ್ ಹಿಡಿತದಲ್ಲಿಡುವ ಕಾಲಿನಲ್ಲಿ, ಮೈನಸ್ 47 ವೋಲ್ಟ್. ಬಲಗಡೆ ಮೊದಲು ಮೈನಸ್ 45, ಆಮೇಲೆ 41, ಹೇರ್ ಡ್ರೈಯರ್‌ನಿಂದ ಒಂದು ಹಳದಿ ಕೆಪಾಸಿಟರ್‌ಗೆ ಬಿಸಿ ಗಾಳಿ ಊದಿದ ಹಾಗೆ 36, 31. ಅಂಕಿ ಇಳಿಯುವುದನ್ನು ಕಣ್ಣಾರೆ ಕಂಡೆ. ವಾಲ್ವ್‌ಗೆ ಆ ಮೈನಸ್ ವೋಲ್ಟೇಜ್ ಲಗಾಮು ಇದ್ದಂತೆ. ಹಿಂದಿನ ಹಂತದಿಂದ ಸ್ವರವನ್ನು ಮಾತ್ರ ದಾಟಿಸಿ ಡಿಸಿಯನ್ನು (ಏರಿಳಿಯದ ನೇರ ವೋಲ್ಟೇಜನ್ನು) ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಬಿಸಿಯಾದಾಗ ಸೋರುತ್ತಿತ್ತು. ಸೋರಿದ ಪ್ಲಸ್ ವೋಲ್ಟೇಜ್ ಲಗಾಮು ಸಡಿಲಿಸಿ, ಆ ಜೋಡಿ ವಾಲ್ವ್ ಮೈಮೇಲೆ ಎಚ್ಚರವಿಲ್ಲದಂತೆ ಕರೆಂಟ್ ಎಳೆಯುತ್ತಿತ್ತು. ಒಂದು ಕೆಪಾಸಿಟರ್ ಎರಡು ವಾಲ್ವ್‌ಗಳಿಗೆ ಉಣಿಸುವುದರಿಂದ ಕೆಂಪಾದದ್ದೂ ಎರಡೇ. ಅರ್ಧ ಗಂಟೆಯ ಲೆಕ್ಕವೂ ಆಗ ಹೊಂದಿತು.

ಹೊಸ ಕೆಪಾಸಿಟರ್ 0.1 ಮೈಕ್ರೊಫ್ಯಾರಡ್, 630 ವೋಲ್ಟ್‌ನದು. ಎರಡೂ ಬದಿಗೆ ಬದಲಾಯಿಸಿದರು. ಸಾಮಾನಿಗೆ 40 ರೂಪಾಯಿ, ಕೂಲಿ 500. ಬಯಾಸ್, ಅಂದರೆ ಆ ಮೈನಸ್ ಲಗಾಮು, ಸರಿಪಡಿಸಿ, ಕೊನೆಗೆ ಚಿಕ್ಕ ವಾಲ್ವ್‌ಗಳ ತಲೆಯನ್ನು ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿದರು. ಒಂದು ಮಾತ್ರ ಸ್ಪೀಕರ್‌ನಲ್ಲಿ ‘ಟಿಣ್’ ಎಂದಿತು. “ಇದು ಇನ್ನೊಂದು ವರ್ಷ ದುಡಿಯುತ್ತದೆ,” ಎಂದರು. ದುಡಿಯಿತು, ಹದಿನಾಲ್ಕು ತಿಂಗಳು.

ಕೊಳ್ಳುವುದಾ ಬೇಡವಾ ಎಂದು ಕೇಳುವವರಿಗೆ: ಧ್ವನಿಗೆ ಐದಕ್ಕೆ ಐದು ಕೊಡುತ್ತೇನೆ, ಬೆನ್ನುನೋವಿಗೆ ಸೊನ್ನೆ. ವಾರಕ್ಕೆ ನಾಲ್ಕು ಕಾರ್ಯಕ್ರಮ ಇರುವವರು ಹಗುರವಾದ ಟ್ರಾನ್ಸಿಸ್ಟರ್ ಆಂಪ್ ಕೊಳ್ಳಿ, ನಾನು ಬೇಸರಪಡುವುದಿಲ್ಲ. ವಾಲ್ವ್‌ನದೇ ಬೇಕೆಂದರೆ ಸ್ಪೀಕರ್ ಜೋಡಿಸದೆ ಒಮ್ಮೆಯೂ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಹೊಸ ವಾಲ್ವ್ ಸೆಟ್ಟೇ ಅಗ್ಗ ಅನಿಸುತ್ತದೆ. ಕೊಳ್ಳುವ ಮೊದಲು ನಿಮ್ಮೂರಿನಲ್ಲಿ ವಾಲ್ವ್ ರೇಡಿಯೋ ಬಿಚ್ಚಿ ಬಲ್ಲವರು ಯಾರಾದರೂ ಉಳಿದಿದ್ದಾರೆಯೇ ಎಂದು ವಿಚಾರಿಸಿ.

ಹೋದ ತಿಂಗಳಿಂದ ಇದರಲ್ಲಿ ಹೊಸದೊಂದು ಗುಂಯ್ ಸದ್ದು ಶುರುವಾಗಿದೆ, 100 ಹರ್ಟ್ಸ್‌ನದು, ಬಹುಶಃ ಒಳಗಿನ ಡಿಸಿಯ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳು ಒಣಗಿವೆ. ಯಜಮಾನರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ, ಒಂದೂವರೆ ತಿಂಗಳು ಬೆಸುಗೆ ಕೆಲಸ ಬೇಡವೆಂದು ಮನೆಯವರು ತಡೆದಿದ್ದಾರೆ. ಆಂಪ್ ನಮ್ಮ ಪಡಸಾಲೆಯಲ್ಲಿ ಟವೆಲ್ ಹೊದ್ದು ಕೂತಿದೆ. ನಾನು ಮತ್ತೆ ಮಿಕ್ಸರ್‌ಗೆ ಚುಚ್ಚಿಕೊಂಡು, ನನ್ನ ಧ್ವನಿ ನನಗೇ ಕೇಳಿಸದೆ ನುಡಿಸುತ್ತಿದ್ದೇನೆ.