ಫೋಟೋದಲ್ಲಿದ್ದ ಸಮುದ್ರ ಎರಡೇ ಹೋಲ್‌ಗೆ ಮುಗಿಯಿತು

ಮೆಕ್ಸಿಕೊದ ಲೋಸ್ ಕಾಬೋಸ್‌ನಲ್ಲಿ ಒಂದು ಕಡೆ ಮರುಭೂಮಿ, ಇನ್ನೊಂದು ಕಡೆ ಸಾಗರ ನೋಡುತ್ತ ಗಾಲ್ಫ್ ಆಡಬೇಕೆಂಬ ಆಸೆ ಇರುವವರು ಮುಂಗಡ ಹಣ ಕಟ್ಟುವ ಮೊದಲು ಇದನ್ನು ಓದಿಬಿಡಿ. ಅಕ್ಟೋಬರ್ ಮೊದಲ ವಾರದಲ್ಲಿ ನಾವು ನಾಲ್ವರು ಗೆಳೆಯರು ಅಲ್ಲಿಗೆ ಹೋಗಿಬಂದೆವು. ಮೂರು ಕೋರ್ಸ್‌ಗಳಿಗೆ ದುಡ್ಡು ಕೊಟ್ಟೆವು. ಮನಸ್ಸಿಗೆ ಒಪ್ಪುವಂತೆ ಆಡಿದ್ದು ಒಂದೂ ಇಲ್ಲ. ತಪ್ಪಿನಲ್ಲಿ ಅರ್ಧ ಪಾಲು ಪ್ಯಾಕೇಜ್ ಮಾರಿದ ಏಜೆಂಟನದು. ಉಳಿದ ಅರ್ಧ ನನ್ನದು. ಕೋರ್ಸ್‌ಗಳನ್ನು ಆರಿಸಿದವನು ನಾನು, ಅದೂ ಫೋಟೋ ನೋಡಿ.

ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪದ ದಕ್ಷಿಣದ ತುದಿಯೇ ಲೋಸ್ ಕಾಬೋಸ್. ಪಶ್ಚಿಮಕ್ಕೆ ಪೆಸಿಫಿಕ್ ಸಾಗರ, ಪೂರ್ವಕ್ಕೆ ಕೋರ್ಟೆಸ್ ಸಮುದ್ರ, ನಡುವೆ ಕಂಬಗಳಂತೆ ನಿಂತ ಕಾರ್ಡೋನ್ ಕಳ್ಳಿಗಳ ಒಣನೆಲ. ಕಾಬೊ ಸಾನ್ ಲೂಕಾಸ್ ಮತ್ತು ಸಾನ್ ಹೋಸೆ ದೆಲ್ ಕಾಬೊ ಎಂಬ ಎರಡು ಪಟ್ಟಣಗಳನ್ನು ಸುಮಾರು 30 ಕಿ.ಮೀ. ಹೆದ್ದಾರಿ ಜೋಡಿಸುತ್ತದೆ. ಹೆಸರಾದ ಹಲವು ಕೋರ್ಸ್‌ಗಳು ಈ ಹೆದ್ದಾರಿಯ ಅಕ್ಕಪಕ್ಕದಲ್ಲೇ ಇವೆ.

ನನ್ನನ್ನು ಮರುಳು ಮಾಡಿದ ಫೋಟೋದಲ್ಲಿ ಕಪ್ಪು ಬಂಡೆಗಳ ಮೇಲೆ ಹಸಿರು ಗ್ರೀನ್, ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಅಂಗಳ, ಒಂದಿತ್ತು. ಕೆಳಗೆ ನೊರೆ ಕಾರುವ ಅಲೆ, ಹಿಂದೆ ಕೆಂಪು ಗುಡ್ಡ. ಜಾಹೀರಾತಿನ ಆರು ಚಿತ್ರಗಳಲ್ಲಿ ಆರೂ ಸಮುದ್ರದವೇ. ಅವು ಹದಿನೆಂಟು ಹೋಲ್‌ಗಳ (ಒಂದೊಂದು ಗುಳಿಗೂ ಆಡುವ ಹಂತ) ಪೈಕಿ ಎರಡನ್ನೇ ಬೇರೆ ಬೇರೆ ಕೋನದಿಂದ, ಬೇರೆ ಬೇರೆ ಹೊತ್ತಿನಲ್ಲಿ ತೆಗೆದವು ಎಂದು ತಿಳಿದದ್ದು ಅಲ್ಲಿ ಕಾರ್ಟ್ ಹತ್ತಿದ ಮೇಲೆ. ಮೊದಲ ಹೋಲ್‌ನಿಂದಲೇ ದಾರಿ ಸಮುದ್ರಕ್ಕೆ ಬೆನ್ನು ಹಾಕಿ ಗುಡ್ಡ ಏರಿತು. ಒಣಹಳ್ಳಗಳನ್ನು ದಾಟಿದೆವು, ಕಟ್ಟುತ್ತಿರುವ ಬಂಗಲೆಗಳ ಸಾಲಿನ ಹಿಂದೆ ಆಡಿದೆವು, ಕಾಂಕ್ರೀಟ್ ಯಂತ್ರದ ಸದ್ದಿಗೆ ಪಟ್ ಮಾಡಿದೆವು, ಅಂದರೆ ಚೆಂಡನ್ನು ಗುಳಿಯತ್ತ ಮೆಲ್ಲಗೆ ಉರುಳಿಸಿದೆವು. ಹದಿನಾರನೆಯ ಹೋಲ್‌ನಲ್ಲಿ ಕೊನೆಗೂ ನೀರು ಸಿಕ್ಕಿತು. ಹದಿನೇಳು ಮುಗಿಯುತ್ತಿದ್ದಂತೆ ಮತ್ತೆ ಗುಡ್ಡಕ್ಕೆ ಹೊರಳಿದೆವು. ನಮ್ಮ ಗುಂಪಿನ ಹಿರಿಯ, ಜಿಪುಣ ಗೆಳೆಯ, ಕೊಟ್ಟ ಶುಲ್ಕವನ್ನು ಎರಡರಿಂದ ಭಾಗಿಸಿ ಒಂದು ಹೋಲ್‌ಗೆ ಎಷ್ಟಾಯಿತೆಂದು ಊಟದವರೆಗೂ ಹೇಳುತ್ತಲೇ ಇದ್ದ.

ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇರಲಿಲ್ಲ. ದಡಕ್ಕೆ ಅಂಟಿದ ನೆಲ ಎಲ್ಲಕ್ಕಿಂತ ದುಬಾರಿ. ಹೋಟೆಲು, ಮನೆಗಳು ಹೀರಿ ಉಳಿದದ್ದು ಗಾಲ್ಫ್‌ಗೆ ಬರುತ್ತದೆ. ಸಮುದ್ರ ‘ಕಾಣುವ’ ಕೋರ್ಸ್ ಬೇರೆ, ಸಮುದ್ರದ ‘ಪಕ್ಕದ’ ಕೋರ್ಸ್ ಬೇರೆ. ದೂರದ ಗುಡ್ಡದ ಮೇಲೆ ನಿಂತರೂ ಅಲ್ಲಿ ಸಮುದ್ರ ಕಾಣುತ್ತದೆ. ಉಪಗ್ರಹ ನಕ್ಷೆ ತೆರೆದು, ಎಷ್ಟು ಗ್ರೀನ್‌ಗಳು ದಡಕ್ಕೆ ತಾಗಿವೆ ಎಂದು ಬೆರಳಿಟ್ಟು ಎಣಿಸಿದರೆ ಐದು ನಿಮಿಷದಲ್ಲಿ ಗುಟ್ಟು ಬಯಲಾಗುತ್ತದೆ. ನಾನು ಆ ಎಣಿಕೆ ಮಾಡಿದ್ದು ಮನೆಗೆ ವಾಪಸಾದ ಮೇಲೆ. ಹೆಸರನ್ನಂತೂ ನಂಬಲೇಬೇಡಿ. ಗಾಲ್ಫ್ ದಿಗ್ಗಜ ಜ್ಯಾಕ್ ನಿಕ್ಲಾಸ್ ವಿನ್ಯಾಸದ ಪಾಲ್ಮಿಯಾ ಕೋರ್ಸನ್ನೇ ನೋಡಿ. 1992ರಲ್ಲಿ ತೆರೆದ ಅದು ಆಮೇಲೆ 27 ಹೋಲ್‌ಗಳಿಗೆ ಬೆಳೆಯಿತು: ಆರೊಯೊ, ಮೌಂಟನ್, ಓಷನ್ ಎಂಬ, ಒಂಬತ್ತು ಹೋಲ್‌ಗಳ ಮೂರು ಭಾಗಗಳು. ಒಂದು ಸುತ್ತಿಗೆ ಎರಡು ಭಾಗ ಆಡುತ್ತಾರೆ. ಇಂಥ ಕಡೆ ಕೋರ್ಸಿನ ಹೆಸರು ಹೇಳಿ ಬುಕ್ ಮಾಡಿದರೆ ಸಾಲದು. ಯಾವ ಎರಡು ಒಂಬತ್ತು ನಮ್ಮ ಪಾಲಿಗೆ ಎಂದು ಕೇಳಬೇಕು.

ಇನ್ನೊಂದು ಆಸೆಯೂ ಇತ್ತು. ಟೈಗರ್ ವುಡ್ಸ್ ವಿನ್ಯಾಸದ ಎಲ್ ಕಾರ್ಡೊನಾಲ್ 2014ರಲ್ಲಿ ಇಲ್ಲಿನ ಡಿಯಮಾಂಟೆ ರೆಸಾರ್ಟಿನಲ್ಲಿ ತೆರೆಯಿತು. 2023ರಿಂದ ಅಲ್ಲಿ ವೃತ್ತಿಪರರ ಪಿಜಿಎ ಟೂರ್ ಪಂದ್ಯವೂ ನಡೆದಿದೆ. ಟಿವಿಯಲ್ಲಿ ನೋಡಿ ನಾಲ್ವರೂ ಅದೇ ಬೇಕೆಂದೆವು. “ಅಲ್ಲಿಗೆ ಹೋದ ಮೇಲೆ ವ್ಯವಸ್ಥೆ ಮಾಡೋಣ” ಎಂದ ಏಜೆಂಟ್. ಆಗುವ ಕೆಲಸವೇ ಅಲ್ಲ. ಅದು ಸದಸ್ಯರಿಗೆ ಮತ್ತು ಆ ರೆಸಾರ್ಟಿನಲ್ಲಿ ಉಳಿದವರಿಗೆ ಮೀಸಲು. ಪೆಸಿಫಿಕ್ ಬದಿಯ ಬಂಡೆಗಳ ಮೇಲಿರುವ ಕ್ವಿವಿರಾದಲ್ಲಿ ಆಡಬೇಕಾದರೂ ಅದರೊಂದಿಗೆ ಸೇರಿದ ರೆಸಾರ್ಟ್‌ಗಳಲ್ಲೇ ಉಳಿಯಬೇಕು. ಕೆರೆನ್ಸಿಯಾ, ಎಲ್ ಡೊರಾಡೊ ಪೂರ್ತಿ ಖಾಸಗಿ. ಹಳೆಯ ‘ಟಾಪ್ ಟೆನ್’ ಪಟ್ಟಿಗಳಲ್ಲಿ ಈಗಲೂ ರಾರಾಜಿಸುವ ಕಾಬೊ ದೆಲ್ ಸೋಲ್‌ನ ಓಷನ್ ಕೋರ್ಸ್ ಒಂದು ಕಾಲಕ್ಕೆ ಹೊರಗಿನವರಿಗೂ ತೆರೆದಿತ್ತು. ಈಗ ಅದೂ ಖಾಸಗಿ ಕ್ಲಬ್ ಆಗಿದೆ. ಅಂದರೆ ಇಲ್ಲಿ ಮೊದಲು ಆರಿಸಬೇಕಾದದ್ದು ಕೋರ್ಸ್. ಹೋಟೆಲ್ ಅದರ ಹಿಂದೆ ಬರಬೇಕು. ನಾವು ಈಜುಕೊಳ ಚೆನ್ನಾಗಿದೆಯೆಂದು ಮೊದಲು ಹೋಟೆಲ್ ಹಿಡಿದೆವು. ಅಲ್ಲಿಗೆ ಒಳ್ಳೆಯ ಬಾಗಿಲುಗಳು ಅರ್ಧಕ್ಕರ್ಧ ಮುಚ್ಚಿಹೋದವು.

ಇನ್ನು ಅಗ್ಗದ ದರದ ವಿಷಯ. ಚಳಿಗಾಲದಲ್ಲಿ ಅಲ್ಲಿ ಒಂದು ಸುತ್ತಿನ ಶುಲ್ಕ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಅಕ್ಟೋಬರ್‌ಗೆ ಹೆಚ್ಚುಕಡಿಮೆ ಅರ್ಧ ಬೆಲೆ ಎಂದಾಗ ನಾನು ಏಕೆಂದು ಕೇಳಲಿಲ್ಲ. ಕೇಳಬೇಕಿತ್ತು. ನವೆಂಬರ್‌ನಿಂದ ದುಡ್ಡಿರುವ ಪ್ರವಾಸಿಗರು ಬರತೊಡಗುತ್ತಾರೆ. ಅದಕ್ಕೂ ಮುಂಚಿನ ಬಿಸಿಲಿನ ತಿಂಗಳುಗಳು ಕೋರ್ಸ್‌ಗಳ ದುರಸ್ತಿಯ ಕಾಲ. ನಮ್ಮ ಪಟ್ಟಿಯ ಮೊದಲ ಕೋರ್ಸ್ ಮುಚ್ಚಿತ್ತು. ಹೊರಡುವ ಎರಡು ದಿನ ಮೊದಲು ‘ಸಮಾನ ದರ್ಜೆಯ’ ಇನ್ನೊಂದನ್ನು ಕೊಟ್ಟಿರುವುದಾಗಿ ಸಂದೇಶ ಬಂತು. ಹೋಗಿ ನೋಡಿದರೆ ಸಮುದ್ರದ ವಾಸನೆಯೂ ಇಲ್ಲ. ಸಾಲದ್ದಕ್ಕೆ ಗ್ರೀನ್‌ಗಳಿಗೆ ಆಗಷ್ಟೇ ಗಾಳಿ ಕೊಟ್ಟಿದ್ದರು. ಗಾಲ್ಫ್ ಆಡುವವರಿಗೆ ಇದು ಗೊತ್ತಿರುತ್ತದೆ: ಗಟ್ಟಿಯಾದ ಮಣ್ಣು ಸಡಿಲವಾಗಿ ಬೇರಿಗೆ ಗಾಳಿ, ನೀರು ಇಳಿಯಲೆಂದು ಯಂತ್ರದಿಂದ ಗ್ರೀನ್ ತುಂಬ ತೂತು ಕೊರೆದು ಮೇಲೆ ಮರಳು ಹರಡುತ್ತಾರೆ. ಹುಲ್ಲಿಗೆ ಅದು ಔಷಧ, ಆಟಗಾರನಿಗೆ ಶಿಕ್ಷೆ. ಎರಡಡಿ ದೂರದ ಪಟ್ ಕೂಡ ಕುಪ್ಪಳಿಸಿಕೊಂಡು ಹೋಗುತ್ತದೆ. ಚೆಂಡು ಹೋಲ್‌ನ ಅಂಚಿಗೆ ಬಂದು ಮನಸ್ಸು ಬದಲಿಸಿದ್ದನ್ನು ಆ ದಿನ ಎಷ್ಟು ಬಾರಿ ನೋಡಿದೆನೋ. ಗ್ರೀನ್‌ಗಳಿಗೆ ಗಾಳಿ ಕೊಟ್ಟ ದಿನಾಂಕವನ್ನು ಕೋರ್ಸಿನವರಿಗೇ ಫೋನ್ ಮಾಡಿ ಕೇಳಿ. ಕೇಳಿದವರಿಗೆ ಹೇಳುತ್ತಾರೆ. ಕೇಳದವರಿಗೆ ಯಾರೂ ತಾವಾಗಿ ಹೇಳುವುದಿಲ್ಲ.

ಅದೇ ತಿಂಗಳುಗಳು ಚಂಡಮಾರುತದ ತಿಂಗಳುಗಳೂ ಹೌದು. ಅತಿ ಹೆಚ್ಚು ಮಳೆ ಬೀಳುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಪೂರ್ವ ಪೆಸಿಫಿಕ್‌ನ ಚಂಡಮಾರುತದ ಋತು ನವೆಂಬರ್ 30ರವರೆಗೆ ನಡೆಯುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ ಒಡೀಲ್ ನೇರ ಇಲ್ಲಿಗೇ ಅಪ್ಪಳಿಸಿದಾಗ ವಿಮಾನ ನಿಲ್ದಾಣ ವಾರಗಟ್ಟಲೆ ಸ್ಥಗಿತಗೊಂಡು, ಸಿಕ್ಕಿಬಿದ್ದ ಪ್ರವಾಸಿಗರನ್ನು ಸೇನಾ ವಿಮಾನಗಳಲ್ಲೂ ಸಾಗಿಸಬೇಕಾಯಿತು. ಆ ಒಂದು ಗಂಡಾಂತರದಿಂದ ಮಾತ್ರ ನಾವು ಪಾರಾದೆವು. ಅಗ್ಗದ ಪ್ಯಾಕೇಜ್ ಕೊಳ್ಳುವುದಾದರೆ ಚಂಡಮಾರುತ ಬಂದರೆ ಹಣ ವಾಪಸಾಗುತ್ತದೆಯೇ, ದಿನಾಂಕ ಮಾತ್ರ ಬದಲಾಗುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಮೂರನೆಯ ಕೋರ್ಸ್‌ನಲ್ಲಿ ನಿಜವಾಗಿಯೂ ಸಮುದ್ರವಿತ್ತು, ಗ್ರೀನ್‌ಗಳೂ ನುಣುಪಾಗಿದ್ದವು. ಕೈಕೊಟ್ಟದ್ದು ಸೂರ್ಯ. ನಮ್ಮ ಚೀಟಿಯಲ್ಲಿ ‘ಟ್ವಿಲೈಟ್’ (ಇಳಿಹೊತ್ತಿನ ಆಟ) ಎಂದಿತ್ತು, ‘ಟೀ’ ಸಮಯ, ಅಂದರೆ ಆಟ ಶುರುಮಾಡುವ ಹೊತ್ತು, ಮಧ್ಯಾಹ್ನ 1:50. ನಾಲ್ವರ ಗುಂಪಿಗೆ ನಾಲ್ಕೂವರೆ ಗಂಟೆ ಬೇಕು. ಅಕ್ಟೋಬರ್‌ನಲ್ಲಿ ಅಲ್ಲಿ ಸಂಜೆ 6 ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ತುಸು ದಕ್ಷಿಣಕ್ಕಿರುವ ಊರು. ಮುಸ್ಸಂಜೆ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಾಲದ್ದಕ್ಕೆ ಮಧ್ಯಾಹ್ನದ ಮೇಲೆ ಗಾಳಿ ಬಲಿಯಿತು. ಬೆಳಿಗ್ಗೆ ಏಳನೇ ಐರನ್ ಕೋಲು ಸಾಕಾಗುತ್ತಿದ್ದ ದೂರಕ್ಕೆ, ಇನ್ನೂ ದೂರ ಹೊಡೆಯುವ ಐದನೆಯದು ಬೇಕಾಯಿತು. ಉಪ್ಪು ತಾಳಿಕೊಳ್ಳುವುದರಿಂದ ಕಡಲಂಚಿನ ಕೋರ್ಸ್‌ಗಳಲ್ಲಿ ಪ್ಯಾಸ್ಪಾಲಮ್ ಹುಲ್ಲು ಬೆಳೆಸುತ್ತಾರೆ. ಅದು ಜಿಗುಟು ಹುಲ್ಲು. ಬಿದ್ದ ಚೆಂಡು ಮುಂದೆ ಉರುಳದು. ಇವೆಲ್ಲ ಸೇರಿ ಹದಿನಾಲ್ಕನೆಯ ಹೋಲ್‌ಗೆ ಬರುವಾಗಲೇ ಕತ್ತಲು. ಸಮುದ್ರದ ಅಂಚಿನ ಕೊನೆಯ ಮೂರು ಹೋಲ್‌ಗಳನ್ನು ಕಾರ್ಟಿನಲ್ಲಿ ಕುಳಿತು, ಅಲೆಯ ಸದ್ದು ಕೇಳುತ್ತ ದಾಟಿದೆವು. ದಡದ ಹೋಲ್‌ಗಳು ಕೊನೆಯಲ್ಲಿರುವ ಕೋರ್ಸಿಗೆ ಬೆಳಗಿನ ಹೊತ್ತನ್ನೇ ಹಿಡಿಯಿರಿ, ದರ ಎಷ್ಟೇ ಇರಲಿ.

ವಿಮಾನ ನಿಲ್ದಾಣದ ಕಥೆಯನ್ನು ಬಿಟ್ಟರೆ ಬರಹ ಅಪೂರ್ಣ. ಕಸ್ಟಮ್ಸ್ ದಾಟಿ ಹೊರಬರುವ ಆ ಕೊಠಡಿಗೆ ಪ್ರವಾಸಿಗರು ಇಟ್ಟ ಹೆಸರು ‘ಶಾರ್ಕ್ ಟ್ಯಾಂಕ್’. ಸಮವಸ್ತ್ರ ತೊಟ್ಟವರು ನಗುತ್ತ ತಡೆದು, ನಿಮ್ಮ ಟ್ಯಾಕ್ಸಿ ಎಲ್ಲಿ, ಹೋಟೆಲ್ ಯಾವುದು ಎಂದು ವಿಚಾರಿಸುತ್ತಾರೆ. ಮಾರುತ್ತಿರುವುದು ಟೈಮ್‌ಶೇರ್, ಅಂದರೆ ರೆಸಾರ್ಟಿನಲ್ಲಿ ವರ್ಷಕ್ಕೆ ಕೆಲವು ದಿನ ಉಳಿಯುವ ಪಾಲು; ಅದಕ್ಕೆ ಎರೆ ಅಗ್ಗದ ಗಾಲ್ಫ್. ಜಿಪುಣ ಗೆಳೆಯ ಅಲ್ಲೇ ಬಿದ್ದ. ‘ತೊಂಬತ್ತು ನಿಮಿಷದ ಉಪಾಹಾರ’ ನಾಲ್ಕು ಗಂಟೆ ಹಿಡಿಯಿತು. ಒಬ್ಬರಾದ ಮೇಲೊಬ್ಬರು ಮೇಲಧಿಕಾರಿಗಳು ಬಂದು ಕುಳಿತರಂತೆ. ಕೊನೆಗೆ ಸಿಕ್ಕಿದ ಚೀಟಿ ಮಧ್ಯಾಹ್ನ 2ರ ನಂತರ ಮಾತ್ರ ನಡೆಯುವಂಥದ್ದು. ಆ ಕೊಠಡಿಯಲ್ಲಿ ಯಾರ ಕಣ್ಣನ್ನೂ ನೋಡದೆ ನೇರ ಹೊರಗೆ ನಡೆದು, ಮೊದಲೇ ಗೊತ್ತುಮಾಡಿದ ವಾಹನ ಹತ್ತಿ. ಒರಟುತನ ಎನಿಸಿದರೆ ಎನಿಸಲಿ.

ಒಂದು ಸಣ್ಣ ಮಾತು: ಚೀಲದಲ್ಲಿ ಬಾಚಣಿಗೆ ಇರಲಿ. ಚೋಯಾ ಎಂಬ ಕಳ್ಳಿಯ ಮುಳ್ಳುಗಂಟು ಸೋಕಿದರೆ ಸಾಕು, ಗಿಡದಿಂದ ಕಳಚಿ ಕಾಲಿಗೆ ಅಂಟುತ್ತದೆ; ಕೈಯಿಂದ ಕೀಳಲು ಹೋದರೆ ಕೈಗೂ ಅಂಟುತ್ತದೆ. ಬಾಚಣಿಗೆಯಿಂದ ಎಬ್ಬಿಸಿ ಒಗೆಯಬೇಕು. ಎರಡು ಡಾಲರ್ ಚೆಂಡಿಗಾಗಿ ಪೊದೆಗೆ ಇಳಿದು ನಾನು ಕಲಿತ ಪಾಠ ಇದು. ಆ ಪೊದೆಗಳಲ್ಲಿ ಬುಡುಬುಡಿಕೆ ಹಾವುಗಳೂ ಇರುತ್ತವೆ ಎಂದು ಸಹಾಯಕ ಹುಡುಗ ಹೇಳಿದ್ದು ನಾನು ಹೊರಬಂದ ಮೇಲೆ.

ವಾಪಸಾದ ಮೇಲೆ ಮುಚ್ಚಿದ್ದ ಕೋರ್ಸಿನ ಹಣ ಕೇಳಿದೆ. ‘ಸಮಾನ ದರ್ಜೆಯ ಬದಲಿ ಕೊಡುವ ಹಕ್ಕು ನಮ್ಮದು’ ಎಂಬ ಷರತ್ತಿನ ಕೆಳಗೆ ನನ್ನದೇ ಸಹಿ ಇತ್ತು. ಸಮುದ್ರವಿಲ್ಲದ್ದು ಹೇಗೆ ಸಮಾನ ಎಂದು ಮೂರು ವಾರ ಜಗಳವಾಡಿದೆ. ಕೊನೆಗೆ ಏಜೆಂಟ್ ಒಬ್ಬೊಬ್ಬರಿಗೂ 100 ಡಾಲರಿನ ರಿಯಾಯಿತಿ ಚೀಟಿ ಕಳುಹಿಸಿದ. ಆಗಸ್ಟ್ 1ರಿಂದ ಅಕ್ಟೋಬರ್ 10ರ ಒಳಗೆ ಬಳಸಬೇಕಂತೆ.