ಉಡುಪಿ ಕೋರ್ಟ್ ಹತ್ರದ ಶನಿವಾರದ ಲಾ ಕ್ಲಾಸ್: ಮೂರು ತಿಂಗಳು ಹೋಗಿ ಬಂದವರ ಮಾತು

ನಾನು ಎಲ್‌ಎಲ್‌ಬಿ ಎರಡನೇ ವರ್ಷ, ಬಿಕಾಂ ಮುಗಿಸಿ ಸೇರಿದ ಮೂರು ವರ್ಷದ ಕೋರ್ಸು. ಪ್ರತಿ ಶನಿವಾರ ಮಧ್ಯಾಹ್ನ ಕಾಪುವಿಂದ ಬಸ್ ಹತ್ತಿ ಉಡುಪಿಗೆ ಬಂದು, ಕೋರ್ಟ್ ಹತ್ರ ಒಬ್ಬರು ವಕೀಲರು ಅವರ ಆಫೀಸಿನ ಮೇಲಿನ ರೂಮಲ್ಲಿ ನಡೆಸುವ ಕ್ಲಾಸಿಗೆ ಮೂರು ತಿಂಗಳು ಹೋದೆ. ಬೋರ್ಡು ಗೀರ್ಡು ಎಂತದೂ ಇಲ್ಲ, ಮೇಡಂ ಹೆಸರು ಹಾಕುದು ಬೇಡ ಅಂದಿದ್ದಾರೆ, ಆದ್ರೆ ಆ ಕಡೆ ಯಾವ ಜೂನಿಯರ್ ವಕೀಲರ ಹತ್ರ ಕೇಳಿದ್ರೂ ದಾರಿ ತೋರಿಸ್ತಾರೆ. ಕ್ಲಾಸ್ ಹೇಗುಂಟು ಅಂತ ತುಂಬ ಜನ ಮೆಸೇಜ್ ಮಾಡ್ತಿದ್ದಾರೆ, ಅದಕ್ಕೆ ಎಲ್ಲ ಇಲ್ಲೇ ಬರೀತಿದ್ದೇನೆ.

ಮೊದಲ ದಿನ ಮೇಡಂ ಪುಸ್ತಕ ತೆಗೀಲಿಕ್ಕೇ ಬಿಡ್ಲಿಲ್ಲ. ಬೌನ್ಸ್ ಆದ ಒಂದು ಚೆಕ್ಕಿನ ಜೆರಾಕ್ಸು, ಬ್ಯಾಂಕಿನ ಮೆಮೊ, ನೋಟಿಸ್ ಮುಟ್ಟಿದ್ದಕ್ಕೆ ಸಹಿ ಬಿದ್ದ ಎ.ಡಿ. ಕಾರ್ಡು, ಹೆಸರೆಲ್ಲ ಕಪ್ಪು ಇಂಕಲ್ಲಿ ಹೊಡೆದದ್ದು, ಇಷ್ಟು ಕೈಗೆ ಕೊಟ್ಟು "ಕಂಪ್ಲೇಂಟ್ ಯಾವಾಗ ಹಾಕ್ತೀರಿ, ತಾರೀಕು ಹೇಳಿ" ಅಂದ್ರು. ನಂಗೆ ಎನ್‌ಐ ಆಕ್ಟಿನ 138, ಅಂದ್ರೆ ಚೆಕ್ ಬೌನ್ಸಿನ ಸೆಕ್ಷನ್, ಪೂರ್ತಿ ಬಾಯಿಪಾಠ ಬರ್ತಿತ್ತು, ಇಂಟರ್ನಲ್ಸಲ್ಲಿ ಒಳ್ಳೆ ಮಾರ್ಕೂ ಬಿದ್ದಿತ್ತು, ಆದ್ರೆ ತಾರೀಕು ಬರ್ಲಿಲ್ಲ. ಅಲ್ಲಿದ್ದ ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಬರ್ಲಿಲ್ಲ. ಆಮೇಲೆ ಅವರು ಕ್ಯಾಲೆಂಡರ್ ಗೋಡೆಯಿಂದ ತೆಗೆದು ಮೇಜಿನ ಮೇಲೆ ಇಟ್ರು. ಚೆಕ್ ವಾಪಸ್ ಬಂದದ್ದು ಗೊತ್ತಾಗಿ 30 ದಿನದ ಒಳಗೆ ನೋಟಿಸ್ ಹೋಗ್ಬೇಕು, ಹೋಗಿದೆ. ನೋಟಿಸ್ ಮುಟ್ಟಿದ್ದು ಮಾರ್ಚ್ 20, ಆ ದಿನ ಬಿಟ್ಟು 15 ದಿನ ಎಣಿಸಿದ್ರೆ ಏಪ್ರಿಲ್ 4, ಅಷ್ಟರವರೆಗೆ ಚೆಕ್ ಕೊಟ್ಟವನಿಗೆ ದುಡ್ಡು ಕೊಡ್ಲಿಕ್ಕೆ ಟೈಮ್ ಉಂಟು, ಕೇಸ್ ಹಾಕುವ ಹಕ್ಕು ಹುಟ್ಟುದು ಏಪ್ರಿಲ್ 5ಕ್ಕೆ, ಅಲ್ಲಿಂದ ಒಂದು ತಿಂಗಳು ಅಂದ್ರೆ ಮೇ 5ರ ಒಳಗೆ. ನಮ್ಮಲ್ಲಿ ಒಬ್ಬ ಬೇಗ ಹಾಕಿದ್ರೆ ಒಳ್ಳೇದಲ್ವಾ ಅಂತ ಏಪ್ರಿಲ್ 2 ಅಂದಿದ್ದ. ಹಾಗೆ ಹಾಕಿದ್ರೆ ಅವಧಿಗೆ ಮೊದ್ಲೇ ಬಂದ ಕಂಪ್ಲೇಂಟ್ ಅಂತ ಬಿದ್ದೇ ಹೋಗ್ತದೆ. ತಡ ಆದ್ರೆ ಸರಿಯಾದ ಕಾರಣ ತೋರಿಸಿ ಕೋರ್ಟಿನ ಹತ್ರ ಮಾಫಿ ಕೇಳ್ಲಿಕ್ಕೆ ದಾರಿ ಉಂಟು, ಮೊದ್ಲೇ ಹಾಕಿದ್ದಕ್ಕೆ ಅಂಥ ದಾರಿ ಇಲ್ಲ. ಈ ಒಂದು ವಿಷಯ ನಂಗೆ ಯಾವ ಗೈಡೂ ತಲೆಗೆ ಹೋಗುವ ಹಾಗೆ ಹೇಳಿರ್ಲಿಲ್ಲ. ಆ ಚೆಕ್ಕಿನ ಹಿಂದೆ ಯಾರೋ ಒಬ್ಬರ ಮಗಳ ಮದುವೆಯ ದುಡ್ಡು ಇತ್ತಂತೆ, ಅದನ್ನು ಕೇಳಿದ ಮೇಲೆ ನಂಗೆ 138 ಮರೆತೇ ಇಲ್ಲ.

ಈ ರೀತಿ ಕಲಿಯುದರ ಬೆಲೆ ಕ್ರಿಮಿನಲ್ ಲಾದಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗ್ತದೆ. 2024 ಜುಲೈ 1ಕ್ಕೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, 511 ಸೆಕ್ಷನ್ ಇದ್ದದ್ದು 358 ಆಯ್ತು, ಕೊಲೆಯ 302 ಹೋಗಿ 103, ಮೋಸದ 420 ಹೋಗಿ 318(4). ನಂಬರ್ ಉರು ಹೊಡೆದವರಿಗೆ ಎಲ್ಲ ಮೊದಲಿಂದ ಶುರು. ಮೋಸ ಅಂದ್ರೆ ಎಂತ, ಸಾಲ ತಗೊಂಡು ಕೊಡ್ಲಿಲ್ಲ ಅಂದ ಕೂಡ್ಲೆ ಅದು ಮೋಸ ಯಾಕೆ ಆಗುದಿಲ್ಲ, ದುಡ್ಡು ತಗೊಳ್ಳುವಾಗಲೇ ವಂಚಿಸುವ ಉದ್ದೇಶ ಇತ್ತು ಅಂತ ಯಾಕೆ ತೋರಿಸ್ಬೇಕು, ಇದು ಗೊತ್ತಿದ್ದವರಿಗೆ ಬದಲಾದದ್ದು ಬರೀ ನಂಬರು. ಮತ್ತೆ ವಕೀಲಿಕೆ ಮಾಡ್ಲಿಕ್ಕೆ ಬರೀಬೇಕಾದ ಬಾರ್ ಎಕ್ಸಾಮಿಗೆ ನೋಟ್ಸ್ ಇಲ್ಲದ ಬೇರ್ ಆಕ್ಟ್ (ಕಾನೂನಿನ ಮೂಲ ಸೆಕ್ಷನ್‌ಗಳು ಮಾತ್ರ ಇರುವ ಪುಸ್ತಕ) ಒಳಗೆ ತಗೊಂಡು ಹೋಗ್ಲಿಕ್ಕೇ ಬಿಡ್ತಾರೆ. ಅಲ್ಲಿ ನೋಡುದು ನಿಮ್ಗೆ ಹುಡುಕ್ಲಿಕ್ಕೆ ಬರ್ತದಾ ಅಂತ.

ಹಾಗಂತ ಕಾಲೇಜಿನ ಸಿಲೆಬಸಲ್ಲಿ ಪ್ರಾಕ್ಟಿಕಲ್ ಇಲ್ಲ ಅಂತ ಅಲ್ಲ. ಬಾರ್ ಕೌನ್ಸಿಲ್‌ನ 2008ರ ರೂಲ್ಸಲ್ಲಿ ಡ್ರಾಫ್ಟಿಂಗು (ದಾವೆ ಅರ್ಜಿ ಬರೆಯುದು), ಮೂಟ್ ಕೋರ್ಟು (ಅಣಕು ಕೋರ್ಟಲ್ಲಿ ವಾದ ಮಾಡುದು) ಅಂತೆಲ್ಲ ನಾಲ್ಕು ಕ್ಲಿನಿಕಲ್, ಅಂದ್ರೆ ಪ್ರಾಕ್ಟಿಕಲ್ ಪೇಪರ್ ಕಡ್ಡಾಯ ಉಂಟು. ಆದ್ರೆ ನಾವು ಮಾಡುದು ಸೀನಿಯರ್ಸಿನ ಹಳೆ ರೆಕಾರ್ಡ್ ತಂದು ಹೆಸರು, ತಾರೀಕು ಬದಲಿಸಿ ಬರೆದು ಸೈನ್ ಹಾಕಿಸುದು. ನಾನೂ ಮಾಡಿದ್ದೇನೆ, ಈಗ ಬೇಜಾರಾಗ್ತದೆ.

ಇಲ್ಲಿ ಡ್ರಾಫ್ಟಿಂಗ್ ಶುರು ಆಗುದು ಕಕ್ಷಿದಾರರ ಮಾತಿಂದ. ಒಬ್ಬರು ಕಕ್ಷಿದಾರ, ಇನ್ನೊಬ್ಬರು ವಕೀಲ, ಕಕ್ಷಿದಾರ ತುಳುವಲ್ಲೇ ಮಾತಾಡ್ಬೇಕು ಅಂತ ಮೇಡಂ ಕಟ್ಟುನಿಟ್ಟು. ನಮ್ಮ ಕಡೆ ವಕೀಲರ ಆಫೀಸಿಗೆ ಬರುವ ಜನ ಹಾಗೇ ಅಲ್ವಾ ಮಾರಾಯ್ರೆ, ಕಷ್ಟ ಹೇಳುದು ತುಳುವಲ್ಲಿ ಅಥವಾ ಕೊಂಕಣಿಯಲ್ಲಿ ಅಥವಾ ಬ್ಯಾರಿಯಲ್ಲಿ, ಆದ್ರೆ ದಾವೆ ಹೋಗುದು ಕನ್ನಡದಲ್ಲೋ ಇಂಗ್ಲಿಷಲ್ಲೋ. ಆ ಮಧ್ಯದಲ್ಲಿ ಅರ್ಧ ವಿಷಯ ಸೋರಿ ಹೋಗ್ತದೆ. ನಾನು ಬರೆದ ಮೊದಲ ವಾದಪತ್ರದಲ್ಲಿ ದಾರಿ ಮುಚ್ಚಿದ ಜಗಳ ಇತ್ತು, ಮುಚ್ಚಿದ್ದು ಯಾವಾಗ ಅಂತಲೇ ನಾನು ಕೇಳಿರ್ಲಿಲ್ಲ. ಇಂಜಂಕ್ಷನ್ (ಕೋರ್ಟಿನ ತಡೆ ಆದೇಶ) ಬೇಕು ಅಂತ ದೊಡ್ಡದಾಗಿ ಬರೆದಿದ್ದೆ, ತಾರೀಕಿಲ್ಲದೆ ಯಾವ ಜಡ್ಜ್ ಕೊಡ್ತಾರೆ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಅಳಿಯಸಂತಾನದ ಕ್ಲಾಸು, ಅಂದ್ರೆ ನಮ್ಮ ಕಡೆ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಹಳೆ ಕಟ್ಟು. ಕಾಲೇಜಲ್ಲಿ ಅದು ಎರಡು ಸಾಲಿನ ಶಾರ್ಟ್ ನೋಟು. ಮೇಡಂ "ಮನೆಯಲ್ಲಿ ಹಳೆ ಪಾಲುಪಟ್ಟಿ, ಆಸ್ತಿ ಪಾಲು ಮಾಡಿದ ಕಾಗದ, ಇದ್ರೆ ಜೆರಾಕ್ಸ್ ತನ್ನಿ" ಅಂದ್ರು. ನಾನು ಅಜ್ಜಿಮನೆಯ ಪೆಟ್ಟಿಗೆಯಿಂದ 1971ರದ್ದು ತಗೊಂಡು ಹೋದೆ, ಅದರಲ್ಲಿ ಸಾಲು ಸಾಲಿಗೆ ಕವರು, ಕವರು ಅಂತ ಬರ್ತದೆ, ಚಿಕ್ಕಂದಿನಿಂದ ನೋಡಿದ ಪದ, ಅರ್ಥ ಗೊತ್ತಿರ್ಲಿಲ್ಲ. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣಿನ ಕಡೆಯಿಂದ ಬಂದ ಸಂತತಿ, ಇಷ್ಟು ಸೇರಿದ್ರೆ ಒಂದು ಕವರು ಅಂತ ಮದ್ರಾಸ್ ಕಾಲದ 1949ರ ಅಳಿಯಸಂತಾನ ಆಕ್ಟಲ್ಲಿ ಉಂಟು. ಅಜ್ಜಿಯ ಅಣ್ಣ ತೀರಿಹೋದದ್ದು 1962ರಲ್ಲಿ. ಹಿಂದಿನ ಕಟ್ಟಿನ ಹಾಗೆ ಆದ್ರೆ ಅವರ ಪಾಲು ಅವರ ತಾಯಿ ಕಡೆಯ ಕುಟುಂಬದಲ್ಲೇ ಉಳೀಬೇಕಿತ್ತು, ಆದ್ರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 7(2) ಪ್ರಕಾರ, ಸಾಯುವ ಸ್ವಲ್ಪ ಮೊದಲು ಪಾಲಾಗಿದ್ರೆ ಅವರಿಗೆ ಎಷ್ಟು ಸಿಗ್ತಿತ್ತೋ ಅಷ್ಟು ಅವರ ಹೆಂಡತಿ ಮಕ್ಕಳ ಕಡೆಗೆ ಹೋಗ್ತದೆ. ಆ ಪಾಲುಪಟ್ಟಿಯಲ್ಲಿ ಅವರ ಮಕ್ಕಳ ಸಹಿ ಉಂಟು. "ನಮ್ಮ ಜಾಗದಲ್ಲಿ ಅವರಿಗೆ ಯಾಕೆ ಕೊಟ್ರು" ಅಂತ ನನ್ನ ಅಮ್ಮ ಇಷ್ಟು ವರ್ಷ ಬೇಸರದಲ್ಲಿ ಇದ್ರು, ಆ ಮನೆಯವರ ಮದುವೆಗೂ ಸರಿಯಾಗಿ ಹೋದವರಲ್ಲ. ಅವತ್ತು ರಾತ್ರಿ ಅಮ್ಮನಿಗೆ ಪೇಪರ್ ಇಟ್ಟು ಒಂದೊಂದೇ ಸಾಲು ಓದಿ ಹೇಳಿದೆ. ಅಮ್ಮ ತುಂಬ ಹೊತ್ತು ಸುಮ್ನೆ ಕೂತು "ಹಾಗಾದ್ರೆ ಅದು ಅವರದ್ದೇ" ಅಂದ್ರು.

ಕೊರತೆ ಇಲ್ವಾ ಅಂದ್ರೆ ಉಂಟು. ಮೇಡಮ್ಮಿಗೆ ಆಫೀಸಿನ ಕೆಲಸ ಇದ್ರೆ ಕ್ಲಾಸ್ ಅರ್ಧ ಗಂಟೆ ತಡ, ಆಮೇಲೆ ಕಾಪು ಕಡೆಯ ಬಸ್ಸಿಗೆ ಓಡ್ಬೇಕು. ಏಪ್ರಿಲ್ ಮೇಯಲ್ಲಿ ಆ ಶೀಟಿನ ರೂಮಲ್ಲಿ ಸೆಕೆ ತಡೀಲಿಕ್ಕೆ ಆಗುದಿಲ್ಲ, ಎರಡೇ ಫ್ಯಾನು. ಕಂಪೆನಿ ಲಾ, ಟ್ಯಾಕ್ಸ್ ಮುಟ್ಟುದೇ ಇಲ್ಲ. ಮತ್ತೆ ಸೆಮಿಸ್ಟರ್ ಪರೀಕ್ಷೆಯಲ್ಲಿ ಡೆಫಿನಿಶನ್ ಬರೀಲಿಕ್ಕೆ ಇರ್ತದೆ, ಅದಕ್ಕೆ ಮನೆಯಲ್ಲಿ ಬೇರೆಯೇ ಕೂತು ಓದ್ಬೇಕು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಪಾಸಾಗ್ಲಿಕ್ಕೆ ಅಂತ ಬಂದು ಸೇರಿದ್ರೆ ನಿಮ್ಗೆ ಉಪಯೋಗ ಇಲ್ಲ, ದಯವಿಟ್ಟು ಬೇಡ. ಫಸ್ಟ್ ಇಯರಿನವರು ಒಂದು ಸೆಮಿಸ್ಟರ್ ಮುಗಿಸಿ ಬಂದ್ರೆ ಒಳ್ಳೇದು, ಇಲ್ಲದಿದ್ರೆ ಶಬ್ದಗಳೇ ಗೊತ್ತಾಗುದಿಲ್ಲ.

ನಾನು ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೇನೆ, ಅರ್ಧ ಕಳೆದದ್ದು ಟೈಮಿಗೆ. ಸೇರುವವರು ಬೇರ್ ಆಕ್ಟ್ ಸ್ವಂತದ್ದು ತನ್ನಿ, ಗೈಡ್ ಬೇಡ, ಮೊಬೈಲ್ ಬ್ಯಾಗಲ್ಲಿ ಇಡ್ಲಿಕ್ಕೆ ಹೇಳ್ತಾರೆ. ಮನೆಯಲ್ಲಿ ಹಳೆ ಕಾಗದಪತ್ರ ಎಂತ ಇದ್ರೂ ಅದರ ಒಂದು ಜೆರಾಕ್ಸ್ ಮಾಡಿಸಿ ಇಟ್ಕೊಳ್ಳಿ.